ತೋಳಿಗೆ ತೊಡುವ ಸಾಧನ ಮಾಡುವವರಿಗೆ, ಅದನ್ನು ದಿನಾ ತೊಡಿಸುವವಳ ಪತ್ರ

ಬೆನ್ನುಹುರಿಯ ಗಾಯದಿಂದ ಕೈಬಲ ಕಳೆದುಕೊಂಡವರಿಗಾಗಿ ತೊಡುವ ಸಾಧನಗಳನ್ನು ರೂಪಿಸುವ ಎಂಜಿನಿಯರುಗಳಿಗೆ, ಸಂಶೋಧಕರಿಗೆ, ಕಂಪನಿಗಳ ಮುಖ್ಯಸ್ಥರಿಗೆ, ಹಾಗೂ ಅವಕ್ಕೆ ಒಪ್ಪಿಗೆ ಮತ್ತು ಹಣ ಕೊಡುವವರಿಗೆ,

ಮಾನ್ಯರೇ,

ನಮಸ್ಕಾರ.

ನನ್ನ ತಮ್ಮನಿಗೆ ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿದೆ. ವೈದ್ಯರ ಲೆಕ್ಕದಲ್ಲಿ ಅದು ಸಿ6, ಅಂದರೆ ಕುತ್ತಿಗೆಯ ಆರನೇ ನರದ ಮಟ್ಟದ ಗಾಯ. ನಾನು ಅವನ ಅಕ್ಕ. ಡಾಕ್ಟರೂ ಅಲ್ಲ, ಎಂಜಿನಿಯರೂ ಅಲ್ಲ. ಆದರೆ ನೀವು ಮಾಡುವಂಥ ಸಾಧನಗಳನ್ನು ಅವನ ಕೈಗೆ ಹಾಕುವುದು, ತೆಗೆಯುವುದು, ಒರೆಸುವುದು, ಚಾರ್ಜ್‌ಗೆ ಇಡುವುದು ಎಲ್ಲ ನಾನೇ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ದೂರು ಒಂದೇ. ನಿಮ್ಮ ಸಾಧನಗಳು ಬೆರಳು ಮಡಚುತ್ತವೆ, ತೋಳು ಎತ್ತುತ್ತವೆ, ನಿಜ. ಆದರೆ ಅವನ್ನು ಹಾಕಿಕೊಳ್ಳಲು ಎರಡು ಗಟ್ಟಿ ಕೈ ಬೇಕು. ತೆಗೆಯಲೂ ಬೇಕು. ಆ ಕೈಗಳು ಯಾರವು ಅಂತ ನಾನು ಓದಿದ ಯಾವ ಮಾಹಿತಿ ಪತ್ರದಲ್ಲೂ ಬರೆದಿಲ್ಲ. ಬಳಸುವವರು ಸ್ವತಂತ್ರರಾಗುತ್ತಾರೆ ಅಂತ ಮಾತ್ರ ಬರೆದಿದೆ. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ ಇದೆ ಇದು.

ಈ ಪತ್ರವನ್ನು ನೀವಷ್ಟೇ ಓದುವುದಿಲ್ಲ. ಹಾಗಾಗಿ ನಿಮಗೆ ಗೊತ್ತಿರುವುದನ್ನೇ ಸ್ವಲ್ಪ ಹೇಳಬೇಕು. ಕುತ್ತಿಗೆಯ ಭಾಗದಲ್ಲಿ ಬೆನ್ನುಹುರಿಯಿಂದ ಎಂಟು ಜೋಡಿ ನರಗಳು ಹೊರಡುತ್ತವೆ. ತೋಳಿನ ಕೆಲಸವೆಲ್ಲ ಹೆಚ್ಚುಕಡಿಮೆ ಅವುಗಳಲ್ಲಿ ಕೆಳಗಿನ ನಾಲ್ಕು ಜೋಡಿಗೆ ಮತ್ತು ಎದೆಭಾಗದ ಮೊದಲ ಜೋಡಿಗೆ ಸೇರಿದ್ದು. ಐದನೆಯದು ಭುಜ ಎತ್ತಲು, ಮೊಣಕೈ ಮಡಚಲು. ಆರನೆಯದು ಮಣಿಕಟ್ಟನ್ನು ಮೇಲೆತ್ತಲು. ಏಳನೆಯದು ಮೊಣಕೈ ಚಾಚಲು. ಎಂಟನೆಯದು ಬೆರಳು ಮಡಚಲು. ಗಾಯ ಒಂದೇ ಒಂದು ಮಟ್ಟ ಮೇಲೆ ಕೆಳಗೆ ಆದರೂ ಬದುಕೇ ಬೇರೆ.

ತಮ್ಮನಿಗೆ ಮೊಣಕೈ ಮಡಚಲು ಬರುತ್ತದೆ, ಚಾಚಲು ಬರುವುದಿಲ್ಲ. ಮಣಿಕಟ್ಟು ಎತ್ತುತ್ತಾನೆ. ಬೆರಳುಗಳಿಗೆ ಸ್ವಂತ ಬಲವಿಲ್ಲ. ಆದರೂ ಮಣಿಕಟ್ಟು ಎತ್ತಿದಾಗ ಬೆರಳಿನ ಸ್ನಾಯುರಜ್ಜುಗಳು ಎಳೆದುಕೊಂಡು ಬೆರಳುಗಳು ತಾವೇ ಮಡಚಿಕೊಳ್ಳುತ್ತವೆ. ಹೆಬ್ಬೆರಳು ತೋರುಬೆರಳಿನ ಬದಿಗೆ ಬಂದು ಒತ್ತುತ್ತದೆ. ಮಣಿಕಟ್ಟು ಇಳಿಬಿಟ್ಟರೆ ಎಲ್ಲ ತೆರೆದುಕೊಳ್ಳುತ್ತವೆ. ಥೆರಪಿಸ್ಟ್‌ಗಳು ಇದನ್ನು ಟೆನೊಡಿಸಿಸ್ ಹಿಡಿತ ಅನ್ನುತ್ತಾರೆ. ಇಷ್ಟರಲ್ಲೇ ಅವನು ಫೋನ್ ಎತ್ತುತ್ತಾನೆ, ಮೇಜಿನ ಮೇಲಿನ ಕಾಗದ ಎಳೆದುಕೊಳ್ಳುತ್ತಾನೆ, ಅರ್ಧ ತುಂಬಿದ ಹಗುರ ಲೋಟ ಹಿಡಿಯುತ್ತಾನೆ. ತುಂಬಿದ ಲೋಟ ಜಾರುತ್ತದೆ.

ನಡೆಯುವುದಕ್ಕಿಂತ ಕೈ ಮುಖ್ಯ ಅಂದರೆ ಹೊರಗಿನವರು ನಂಬುವುದಿಲ್ಲ. 2004ರಲ್ಲಿ ಕಿಮ್ ಆಂಡರ್ಸನ್ ಒಂದು ಸಮೀಕ್ಷೆ ಪ್ರಕಟಿಸಿದರು. ಅವರು ಸ್ವತಃ ಬೆನ್ನುಹುರಿ ಗಾಯದೊಂದಿಗೆ ಬದುಕುತ್ತಿರುವ ವಿಜ್ಞಾನಿ. ಯಾವ ಶಕ್ತಿ ಮರಳಿದರೆ ನಿಮ್ಮ ಬದುಕು ಎಲ್ಲಕ್ಕಿಂತ ಜಾಸ್ತಿ ಸುಧಾರಿಸುತ್ತದೆ ಎಂದು 681 ಮಂದಿಯನ್ನು ಕೇಳಿದರು. ಕೈಕಾಲು ನಾಲ್ಕಕ್ಕೂ ತೊಂದರೆ ಆದವರಲ್ಲಿ ಶೇ. 48.7ರಷ್ಟು ಮಂದಿ ಮೊದಲು ಹೇಳಿದ್ದು ತೋಳು ಮತ್ತು ಕೈಯನ್ನು. ಆದರೂ ದೊಡ್ಡ ಸುದ್ದಿಯಾಗುವುದು ಯಾರೋ ಎದ್ದು ನಡೆದಾಗಲೇ. ರಿವಾಕ್ ಎಂಬ, ಕಾಲಿಗೆ ತೊಡುವ ಸಾಧನವನ್ನು ಕಂಡುಹಿಡಿದ ಅಮಿತ್ ಗೋಫರ್ ಅವರ ಕಥೆ ನಿಮಗೆ ಗೊತ್ತೇ ಇದೆ. 1997ರ ಅಪಘಾತದಲ್ಲಿ ಅವರ ಕೈಕಾಲು ನಾಲ್ಕೂ ಸೋತವು. ಅವರೇ ಕಂಡುಹಿಡಿದ ಸಾಧನ ಎಷ್ಟೋ ಜನರನ್ನು ನಡೆಸಿತು. ಅವರನ್ನು ನಡೆಸಲಿಲ್ಲ. ಊರುಗೋಲು ಹಿಡಿಯಲು ಕೈ ಬೇಕಿತ್ತು.

ಈಗ ತೊಡಿಸುವ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ಮೋಟಾರಿನ ಗ್ಲೌಸ್ ಒಂದಿತ್ತು. ಬೆರಳುಗಳ ಉದ್ದಕ್ಕೂ ಸಣ್ಣ ಎಳೆಗಳು. ಮುಂಗೈ ಮೇಲೆ ಕೂರುವ ಪೆಟ್ಟಿಗೆಯಲ್ಲಿನ ಮೋಟಾರು ಆ ಎಳೆಗಳನ್ನು ಎಳೆದು ಬೆರಳು ಮಡಚುತ್ತದೆ. ಯೋಚನೆ ಚೆನ್ನಾಗಿದೆ. ತೊಡಿಸುವುದು ಹೀಗೆ. ಬೆಳಿಗ್ಗೆ ತಮ್ಮನ ಬೆರಳುಗಳು ಮುಷ್ಟಿ ಕಟ್ಟಿಕೊಂಡಿರುತ್ತವೆ. ಬಲವಂತವಾಗಿ ಬಿಡಿಸುವಂತಿಲ್ಲ. ಬಿಡಿಸಿದರೆ ಸೆಡೆತ ಇನ್ನೂ ಜಾಸ್ತಿಯಾಗುತ್ತದೆ. ಮಣಿಕಟ್ಟನ್ನು ಮೆಲ್ಲಗೆ ಕೆಳಕ್ಕೆ ಬಗ್ಗಿಸಬೇಕು. ಆಗ ಬೆರಳುಗಳು ಸಡಿಲವಾಗಿ ತೆರೆಯುತ್ತವೆ. ಆದರೆ ಗ್ಲೌಸಿನ ಮಣಿಕಟ್ಟಿನ ಭಾಗ ಗಟ್ಟಿ. ಅದರೊಳಗೆ ಕೈ ತೂರಬೇಕಾದರೆ ಮಣಿಕಟ್ಟು ನೇರವಾಗಿರಬೇಕು. ನೇರ ಮಾಡಿದ ತಕ್ಷಣ ಬೆರಳು ಮತ್ತೆ ಮಡಚಿಕೊಳ್ಳುತ್ತವೆ. ಹೆಬ್ಬೆರಳು ಅಂಗೈಯೊಳಗೆ ಮಲಗುತ್ತದೆ. ಕಿರುಬೆರಳು ಹೋಗಿ ಉಂಗುರಬೆರಳಿನ ತೂತಿನಲ್ಲಿ ಸೇರುತ್ತದೆ. ಅದು ಅವನಿಗೆ ಗೊತ್ತಾಗುವುದೂ ಇಲ್ಲ. ಹೆಬ್ಬೆರಳ ಕಡೆ ಅವನಿಗೆ ಸ್ಪರ್ಶ ಇದೆ, ಕಿರುಬೆರಳ ಕಡೆ ಇಲ್ಲ. ನಾನೇ ತಿರುಗಿಸಿ ನೋಡಿ, ಒಂದೊಂದೇ ಬೆರಳನ್ನು ತುದಿಯವರೆಗೆ ತಳ್ಳಿ, ಒಳಗೆ ಬಟ್ಟೆ ಮಡಿಕೆ ಬಿದ್ದಿದೆಯಾ ಅಂತ ಸವರಬೇಕು. ಮಡಿಕೆ ಬಿದ್ದ ಕಡೆ ಸಂಜೆ ಕೆಂಪು ಗುರುತು ಇರುತ್ತದೆ. ಆಮೇಲೆ ಪಟ್ಟಿಗಳು, ಪೆಟ್ಟಿಗೆ, ವೈರು. ಅಷ್ಟರಲ್ಲಿ ಒಂದು ಸೆಳೆತ ಬಂದು ಕೈ ಝಾಡಿಸಿದರೆ ಮೊದಲಿಂದ ಶುರು.

ಇಷ್ಟೆಲ್ಲ ಆದ ಮೇಲೆ ಅವನು ಏನು ಮಾಡಲು ಹೊರಟಿದ್ದನೋ ಅದರ ಮೇಲಿನ ಆಸೆಯೇ ಹೋಗಿರುತ್ತದೆ. "ನೀನೇ ಕೊಟ್ಟುಬಿಡಕ್ಕ" ಅನ್ನುತ್ತಾನೆ.

ಕರೆಂಟ್ ಕೊಟ್ಟು ಸ್ನಾಯು ಅಲುಗಿಸುವ ತೋಳುಪಟ್ಟಿಯ ಗೋಳು ಬೇರೆ ತರಹದ್ದು. ಒಳಗಿನ ಎಲೆಕ್ಟ್ರೋಡ್ ಪ್ಯಾಡ್ ಸರಿಯಾದ ಜಾಗದಲ್ಲಿ ಕೂತರೆ ಬೆರಳುಗಳು ಬಿಚ್ಚಿಕೊಳ್ಳುತ್ತವೆ. ಒಂದು ಬೆರಳಗಲ ಆಚೆ ಈಚೆ ಆದರೆ ಬೆರಳಿನ ಬದಲು ಮಣಿಕಟ್ಟು ಓರೆಯಾಗಿ ತಿರುಗುತ್ತದೆ. ಸರಿಯಾಗಿ ಕೂರಿಸಿದರೂ ಅಷ್ಟಕ್ಕೇ ಮುಗಿಯಲಿಲ್ಲ. ಮುಂಗೈ ಅಂಗಾತ ಮಾಡಿದಾಗ, ಬೋರಲು ಮಾಡಿದಾಗ ಚರ್ಮದಡಿಯ ಸ್ನಾಯು ಜರುಗುತ್ತದೆ, ಪ್ಯಾಡ್ ಅಲ್ಲೇ ಇರುತ್ತದೆ. ಇದರ ಜೊತೆಗೆ ದಣಿವು. ಮೆದುಳು ತಾನಾಗಿ ಸ್ನಾಯು ನಡೆಸುವಾಗ ಎಳೆಗಳಿಗೆ ಸರದಿಯ ಮೇಲೆ ಕೆಲಸ ಕೊಡುತ್ತದೆ. ಹೊರಗಿನ ಕರೆಂಟ್ ತನಗೆ ಸಿಕ್ಕವನ್ನೆಲ್ಲ ಒಟ್ಟಿಗೆ ಎಬ್ಬಿಸುತ್ತದೆ, ಬೇಗ ಸೋಲುವಂಥವನ್ನೂ ಸೇರಿಸಿ. ಹಾಗಾಗಿ ಹಿಡಿತ ಬಲವಾಗಿ ಶುರುವಾಗಿ ಸ್ವಲ್ಪ ಹೊತ್ತಿಗೇ ನಡುಗುತ್ತದೆ. ಇದು ನಿಮ್ಮ ತಪ್ಪಲ್ಲ, ದೇಹದ ನಿಯಮ. ಆದರೆ ಕೊಳ್ಳುವ ಮುಂಚೆ ಯಾರಾದರೂ ಇದನ್ನು ನಮಗೆ ಹೇಳಬಹುದಿತ್ತು, ಅಲ್ವಾ?

ಹೇಳದೇ ಹೋದದ್ದು ಅದೊಂದೇ ಅಲ್ಲ. ಮೊಣಕೈ ಚಾಚಲು ಬೇಕಾದ ಹಿಂದೋಳಿನ ಸ್ನಾಯುವನ್ನು ಈ ಪಟ್ಟಿ ಎಬ್ಬಿಸುತ್ತದೆ ಅಂತ ಮಾರಿದವರು ಹೇಳಿದ್ದರು. ತಮ್ಮನ ಆ ಸ್ನಾಯು ಮಿಸುಕಲೇ ಇಲ್ಲ. ಕರೆಂಟ್ ಜಾಸ್ತಿ ಮಾಡಿದಷ್ಟೂ ಚರ್ಮ ಕೆಂಪಾಯಿತೇ ಹೊರತು ತೋಳು ಅಲುಗಲಿಲ್ಲ. ಕಾರಣವನ್ನು ಬಹಳ ದಿನದ ಮೇಲೆ ಒಬ್ಬ ಥೆರಪಿಸ್ಟ್ ವಿವರಿಸಿದರು. ಗಾಯಕ್ಕಿಂತ ಕೆಳಗಿನ ಸ್ನಾಯುಗಳಿಗೆ ಮೆದುಳಿನ ಆಜ್ಞೆ ತಲುಪದಿದ್ದರೂ ಅವುಗಳ ಸ್ವಂತ ನರ ಬದುಕಿರುತ್ತದೆ. ಅಲ್ಲಿ ಕರೆಂಟ್ ಕೆಲಸ ಮಾಡುತ್ತದೆ. ಆದರೆ ಗಾಯ ಎಲ್ಲಿ ಬಿದ್ದಿದೆಯೋ ಅಲ್ಲಿ ಬೆನ್ನುಹುರಿಯೊಳಗಿನ ನರಕೋಶಗಳೇ ಸತ್ತಿರಬಹುದು. ಅವುಗಳಿಂದ ಹೊರಟ ನರವೂ ಒಣಗಿರುತ್ತದೆ. ಅಂಥ ಸ್ನಾಯುವಿಗೆ ಇಂಥ ಪಟ್ಟಿಗಳಿಂದ ಪ್ರಯೋಜನವಿಲ್ಲ. ಇದನ್ನು ತಿಳಿಯಲು ದೊಡ್ಡ ಪರೀಕ್ಷೆ ಏನೂ ಬೇಡ. ಕ್ಲಿನಿಕ್‌ನಲ್ಲಿ ಆ ಸ್ನಾಯುವಿನ ಮೇಲೆ ಪ್ಯಾಡ್ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಹಣ ತೆಗೆದುಕೊಳ್ಳುವ ಮುಂಚೆ ಇಟ್ಟು ನೋಡಲಿಲ್ಲ, ಅಷ್ಟೇ.

ಇನ್ನು ಅವನಿಗೆ ಇದ್ದದ್ದನ್ನೇ ಕಿತ್ತುಕೊಂಡ ಸಂಗತಿ. ಗ್ಲೌಸಿನ ಗಟ್ಟಿ ಮಣಿಕಟ್ಟಿನಿಂದ ಅವನ ಸ್ವಂತ ಟೆನೊಡಿಸಿಸ್ ಹಿಡಿತ ನಿಂತುಹೋಗುತ್ತದೆ. ಮಣಿಕಟ್ಟು ಮೇಲೇಳುವುದೇ ಇಲ್ಲವಲ್ಲ. ಅಂಗೈಯಿಂದ ಚಕ್ರದ ಬಳೆ ಒತ್ತಿ ವೀಲ್‌ಚೇರ್ ತಳ್ಳುತ್ತಿದ್ದವನಿಗೆ ಗ್ಲೌಸ್ ಹಾಕಿದ ಮೇಲೆ ಅದೂ ಆಗುವುದಿಲ್ಲ. ಬೆಡ್‌ಸೋರ್ ಆಗದಂತೆ ಆಗಾಗ ಪಕ್ಕಕ್ಕೆ ವಾಲಿ ಭಾರ ಬದಲಿಸುತ್ತಾನೆ. ಅದಕ್ಕೂ ಕೈ ಊರಬೇಕು. ಅಂದರೆ ಲೋಟ ಹಿಡಿಯುವ ಶಕ್ತಿ ಬಂತು, ಇದ್ದ ಜಾಗದಿಂದ ಕದಲುವ ಶಕ್ತಿ ಹೋಯಿತು. ಈ ಲೆಕ್ಕ ನಿಮ್ಮ ವರದಿಗಳಲ್ಲಿ ಎಲ್ಲಿ ಬರುತ್ತದೆ?

ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ತೆಗೆಯುವ ವಿಷಯ. ಎದೆಮಟ್ಟದ ಆರನೇ ನರ ಅಥವಾ ಅದಕ್ಕಿಂತ ಮೇಲೆ ಗಾಯವಾದವರಿಗೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ಅಪಾಯ ಇದೆ. ಗಾಯದ ಕೆಳಗೆ ಎಲ್ಲಾದರೂ ನೋವಿನ ಕಾರಣ ಹುಟ್ಟಿದರೆ ಅದು ಅವರಿಗೆ ತಿಳಿಯುವುದಿಲ್ಲ, ಆದರೆ ರಕ್ತದೊತ್ತಡ ಸರ್ರನೆ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪಾಗುತ್ತದೆ, ಬೆವರು ಇಳಿಯುತ್ತದೆ. ತಡ ಮಾಡಿದರೆ ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ಹೆಚ್ಚಿನ ಸಲ ಕಾರಣ ತುಂಬಿದ ಮೂತ್ರಕೋಶ. ಆದರೆ ಬಿಗಿಯಾದ ಪಟ್ಟಿ, ಚರ್ಮಕ್ಕೆ ಒತ್ತಿದ ಬಕಲ್ ಕೂಡ ಸಾಕು. ಆಗ ಮಾಡಬೇಕಾದ ಮೊದಲ ಕೆಲಸಗಳು: ನೇರ ಕೂರಿಸುವುದು, ಮೈಮೇಲೆ ಬಿಗಿಯಾಗಿರುವುದನ್ನೆಲ್ಲ ಸಡಿಲಿಸುವುದು, ಮೂತ್ರಕೋಶ ನೋಡುವುದು. ನಿಮ್ಮ ಗ್ಲೌಸೂ ಬಿಗಿಯಾಗಿರುವುದರಲ್ಲಿ ಒಂದು. ಆ ಹೊತ್ತಿಗೆ ಮನೆಯಲ್ಲಿ ಯಾರೂ ಇಲ್ಲದಿದ್ದರೆ? ಅವನು ಹಲ್ಲಿನಿಂದ ಪಟ್ಟಿ ಎಳೆಯಲು ನೋಡಿದ್ದಾನೆ. ಪಟ್ಟಿಯ ತುದಿಯಲ್ಲಿ ಕಚ್ಚಿ ಹಿಡಿಯಲು ಏನೂ ಇಲ್ಲ. ನುಣುಪಾಗಿ, ಅಂದವಾಗಿ ಅಂಟಿಕೊಂಡಿರುತ್ತದೆ.

ಹಾಗಾಗಿ ಸಾಧನ ಅವನ ಕೈಮೇಲೆ ಇರುವಷ್ಟು ಹೊತ್ತು ನಾನು ಮನೆ ಬಿಡುವುದಿಲ್ಲ. ಗ್ಲೌಸ್ ಬರುವ ಮುಂಚೆ ಮಧ್ಯಾಹ್ನದ ಹೊತ್ತು ಅವನೊಬ್ಬನೇ ಇರುತ್ತಿದ್ದ. ಯಾರಿಗೆ ಸ್ವಾತಂತ್ರ್ಯ ಬಂತು ಅಂತ ನೀವೇ ಹೇಳಿ.

ಇದೆಲ್ಲ ಯಾಕೆ ಹೀಗೆ ಅಂತ ಯೋಚಿಸಿದ್ದೇನೆ. ನನಗನಿಸುವುದು ಇಷ್ಟು. ಇಂಥ ಕೈ ಸಾಧನಗಳಲ್ಲಿ ಬಹಳಷ್ಟು ಮೊದಲು ಪಾರ್ಶ್ವವಾಯು ಆದವರನ್ನು ಮನಸ್ಸಲ್ಲಿಟ್ಟು ಮಾಡಿದವು. ಅಂಥವರ ಸಂಖ್ಯೆ ದೊಡ್ಡದು, ಮಾರುಕಟ್ಟೆಯೂ ದೊಡ್ಡದು. ಆಕ್ಷೇಪ ಇಲ್ಲ. ಆದರೆ ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಒಂದು ಬದಿ ಬೀಳುತ್ತದೆ. ಇನ್ನೊಂದು ಕೈ ಉಳಿದಿರುತ್ತದೆ. ಆ ಕೈ ಪಟ್ಟಿ ಎಳೆಯುತ್ತದೆ, ಬಟನ್ ಒತ್ತುತ್ತದೆ, ಚಾರ್ಜರ್ ಸಿಕ್ಕಿಸುತ್ತದೆ. ಕುತ್ತಿಗೆಯ ಬೆನ್ನುಹುರಿ ಗಾಯದಲ್ಲಿ ಬಹುಪಾಲು ಎರಡೂ ಕೈ ಸೋತಿರುತ್ತವೆ. ಅದೇ ವಿನ್ಯಾಸಕ್ಕೆ ಮಾಹಿತಿ ಪತ್ರದಲ್ಲಿ ಒಂದು ಸಾಲು ಸೇರಿಸಿ, ಬೆನ್ನುಹುರಿ ಗಾಯಕ್ಕೂ ಆಗುತ್ತದೆ ಅಂತ ಬರೆದರೆ ಆಗಲಿಲ್ಲ. ಸ್ನಾಯುವಿನ ಮೇಲೆ ಹುಟ್ಟುವ ಸಣ್ಣ ವಿದ್ಯುತ್ತನ್ನು ಓದಿ ತೋಳು ನಡೆಸುವ ಸಾಧನಗಳ ಕಥೆಯೂ ಇದೇ. ಓದಲು ಅಲ್ಲಿ ಸಿಗ್ನಲ್ ಉಳಿದಿರಬೇಕು. ಯಾರಿಗೆ ಉಳಿದಿದೆ, ಯಾರಿಗೆ ಇಲ್ಲ ಅಂತ ಮೊದಲೇ ಹೇಳಬೇಕು.

ಇನ್ನೊಂದು ಕಾರಣ ನೀವು ಅಳೆಯುವ ರೀತಿ. ಗ್ರಾಸ್ಪ್ ಅಂತ ಬೆನ್ನುಹುರಿ ಗಾಯದವರ ಕೈಗಾಗಿಯೇ ರೂಪಿಸಿದ ಪರೀಕ್ಷೆ ಇದೆ. ಅದರಲ್ಲಿ ಬಲ, ಸ್ಪರ್ಶ, ಹಿಡಿತ ಎಲ್ಲ ನೋಡುತ್ತಾರೆ. ಒಂದು ನಿಮಿಷದಲ್ಲಿ ಎಷ್ಟು ಮರದ ತುಂಡುಗಳನ್ನು ಒಂದು ಗೂಡಿನಿಂದ ಇನ್ನೊಂದಕ್ಕೆ ದಾಟಿಸುತ್ತಾರೆ ಅಂತ ಎಣಿಸುವ ಪರೀಕ್ಷೆಯೂ ಇದೆ. ಒಳ್ಳೆಯ ಪರೀಕ್ಷೆಗಳೇ. ಆದರೆ ಗಡಿಯಾರ ಶುರುವಾಗುವುದು ಸಾಧನ ಕೈಗೇರಿದ ಮೇಲೆ. ಅದಕ್ಕೆ ಮುಂಚಿನದನ್ನು ಮಾಡಿಕೊಡುವುದು ನಿಮ್ಮ ಲ್ಯಾಬಿನ ನುರಿತ ಹುಡುಗರು. ಮನೆಯಲ್ಲಿ ಮಾಡುವುದು ನನ್ನಂಥವರು. ತಮ್ಮ ಮರದ ತುಂಡು ದಾಟಿಸಬೇಕು ಅಂತ ಯಾವತ್ತೂ ಆಸೆಪಟ್ಟವನಲ್ಲ. ಅವನಿಗೆ ಬೇಕಾದದ್ದು ಮೂತ್ರ ಹೊರತೆಗೆಯುವ ನಳಿಕೆಯನ್ನು, ಅಂದರೆ ಕ್ಯಾತಿಟರನ್ನು ಸ್ವತಃ ಹಾಕಿಕೊಳ್ಳುವುದು, ಚಮಚ ಬೀಳಿಸದೆ ಊಟ ಮುಗಿಸುವುದು, ರಾತ್ರಿ ಹೊದಿಕೆ ಎಳೆದುಕೊಳ್ಳುವುದು. ಕ್ಯಾತಿಟರ್ ವಿಷಯ ಬರೆಯಲೋ ಬೇಡವೋ ಅಂತ ಕೇಳಿದೆ. "ಬರಿ, ಅದೇ ಮುಖ್ಯ" ಅಂದ.

ನಿಮ್ಮ ಕ್ಷೇತ್ರದ ಒಳ್ಳೆಯ ಕೆಲಸ ಕಾಣದೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಜೋಸೆಫ್ ಮೆಕ್‌ಕಿಬೆನ್ ಎಂಬ ಭೌತವಿಜ್ಞಾನಿ 1950ರ ದಶಕದಲ್ಲಿ, ಪೋಲಿಯೊದಿಂದ ಕೈ ಸೋತ ತನ್ನ ಮಗಳಿಗಾಗಿ ಅನಿಲ ತುಂಬಿದರೆ ಗಿಡ್ಡವಾಗುವ ಕೃತಕ ಸ್ನಾಯು ಮಾಡಿದರು. ಇವತ್ತಿಗೂ ಮೆದು ರೋಬಾಟ್‌ಗಳಲ್ಲಿ ಅದೇ ತತ್ವ ನಡೆಯುತ್ತಿದೆ. ಪೋಲಿಯೊ ಕಾಲದಿಂದಲೇ ಬಂದ ಇನ್ನೊಂದು ಸಾಧನ, ಮಣಿಕಟ್ಟು ಎತ್ತಿದರೆ ಬೆರಳು ಬಿಗಿಯುವ ಕೀಲಿನ ಸ್ಪ್ಲಿಂಟ್, ಅಂದರೆ ಕೈಗೆ ಕಟ್ಟುವ ಆಸರೆ. ಬ್ಯಾಟರಿ ಇಲ್ಲ, ಮೋಟಾರು ಇಲ್ಲ. ತಮ್ಮನಿಗೆ ಇರುವ ಹಿಡಿತವನ್ನೇ ಅದು ಬಲಪಡಿಸುತ್ತದೆ. ಮಣಿಕಟ್ಟನ್ನೂ ಎತ್ತಲಾಗದ, ಸಿ5 ಮಟ್ಟದವರಿಗೆ ವೀಲ್‌ಚೇರಿಗೆ ಸಿಕ್ಕಿಸುವ ತೋಳಾಸರೆಗಳಿವೆ. ಸ್ಪ್ರಿಂಗೋ ರಬ್ಬರ್ ಪಟ್ಟಿಯೋ ತೋಳಿನ ಭಾರ ಹೊತ್ತುಕೊಳ್ಳುತ್ತದೆ, ಉಳಿದ ಚೂರು ಬಲದಲ್ಲೇ ಕೈ ಬಾಯಿಗೆ ಬರುತ್ತದೆ. ಇವೆಲ್ಲ ಸುದ್ದಿಯಾಗುವುದಿಲ್ಲ. ನನ್ನ ಕಣ್ಣಿಗೆ ಮಾತ್ರ ಮೋಟಾರಿನ ಎಷ್ಟೋ ಗ್ಲೌಸುಗಳಿಗಿಂತ ಇವೇ ಮೇಲು.

ಹೊಸದರಲ್ಲೂ ಆಸೆ ಹುಟ್ಟಿಸುವಂಥದ್ದು ಇದೆ. ಕುತ್ತಿಗೆಯ ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ಒಳಗಿನ ಬೆನ್ನುಹುರಿಗೆ ಹದವಾಗಿ ಕರೆಂಟ್ ಕೊಡುತ್ತಾ ವ್ಯಾಯಾಮ ಮಾಡಿಸುವ ವಿಧಾನ. ಇದು ಸ್ನಾಯುವನ್ನು ನೇರವಾಗಿ ಎಳೆಯುವುದಿಲ್ಲ. ಉಳಿದಿರುವ ನರದ ದಾರಿಗಳನ್ನು ಚುರುಕು ಮಾಡುತ್ತದೆ. ಅಪ್-ಲಿಫ್ಟ್ ಎಂಬ ಅದರ ಪರೀಕ್ಷೆಯ ವರದಿ 2024ರ ಮೇ ತಿಂಗಳಲ್ಲಿ ನೇಚರ್ ಮೆಡಿಸಿನ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು. 60 ಮಂದಿಯಲ್ಲಿ ಶೇ. 72ರಷ್ಟು ಜನರಿಗೆ ಕೈಯ ಬಲ, ಕೈಯ ಕೆಲಸ ಎರಡರಲ್ಲೂ ಗುಣ ಕಂಡಿತು. ಗಾಯವಾಗಿ 34 ವರ್ಷ ಕಳೆದವರಿಗೂ ಪ್ರಯೋಜನ ಆಗಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ, ಔಷಧ ಮತ್ತು ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಗಾಯ ಪೂರ್ಣವಲ್ಲದವರಿಗೆ, ಅಂದರೆ ಸ್ವಲ್ಪವಾದರೂ ಸಂಪರ್ಕ ಉಳಿದವರಿಗೆ ಮಾತ್ರ ಆ ಒಪ್ಪಿಗೆ. ಈ ವಿಧಾನದಲ್ಲಿ ನನಗೆ ಇಷ್ಟವಾದದ್ದು ಒಂದಿದೆ. ಪ್ಯಾಡ್ ತೆಗೆದ ಮೇಲೂ ಗಳಿಸಿದ್ದು ಒಂದಷ್ಟು ಕೈಯಲ್ಲಿ ಉಳಿಯಬಹುದು. ಹಾಗಾದರೆ ದಿನವಿಡೀ ಏನನ್ನೂ ಹೊತ್ತು ತಿರುಗಬೇಕಿಲ್ಲ.

ಆದರೆ ಒಳ್ಳೆಯದು ಬಂದರೂ ಅದು ಉಳಿಯುತ್ತದೆ ಅನ್ನುವ ಧೈರ್ಯ ನಮಗಿಲ್ಲ. ಫ್ರೀಹ್ಯಾಂಡ್ ಎಂಬ ವ್ಯವಸ್ಥೆ ನಿಮಗೆ ನೆನಪಿರಬೇಕು. ಎಲೆಕ್ಟ್ರೋಡ್‌ಗಳನ್ನು ತೋಳಿನೊಳಗೆ ಕೂರಿಸಿ, ಇನ್ನೊಂದು ಬದಿಯ ಭುಜದ ಚಲನೆಯಿಂದ ಮುಷ್ಟಿ ತೆರೆದು ಮುಚ್ಚುವ ಸಾಧನ. 1997ರಲ್ಲಿ ಎಫ್‌ಡಿಎ ಒಪ್ಪಿತು. ಸುಮಾರು 250 ಮಂದಿಗೆ ಅಳವಡಿಸಿದರು. 2001ರಲ್ಲಿ ಕಂಪನಿ ಮಾರಾಟ ನಿಲ್ಲಿಸಿತು. ಕೆಲಸ ಮಾಡುತ್ತಿರಲಿಲ್ಲ ಅಂತಲ್ಲ, ವ್ಯಾಪಾರ ಕೂಡಿಬರಲಿಲ್ಲ. 2016ರಲ್ಲಿ ನೇಚರ್‌ನಲ್ಲಿ ಬಂದ ಪ್ರಯೋಗ ಇನ್ನೂ ದೊಡ್ಡ ಸುದ್ದಿಯಾಗಿತ್ತು. ಬ್ಯಾಟೆಲ್ ಎಂಬ ಸಂಶೋಧನಾ ಸಂಸ್ಥೆ ಮತ್ತು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ಒಬ್ಬ ಯುವಕನ ಮೆದುಳಿನಲ್ಲಿ ಚಿಪ್ ಇಟ್ಟು, ಮುಂಗೈಗೆ ಎಲೆಕ್ಟ್ರೋಡ್‌ಗಳ ತೋಳುಪಟ್ಟಿ ಸುತ್ತಿ, ಅವನು ಮನಸ್ಸು ಮಾಡಿದಂತೆ ಕೈ ಆಡಿಸಿದರು. ಅದ್ಭುತವೇ. ಆದರೆ ಆ ಕೈ ಆಡಿದ್ದು ಲ್ಯಾಬಿನಲ್ಲಿ. 2021ರಲ್ಲಿ ಚಿಪ್ ತೆಗೆಯಬೇಕಾಯಿತು. ಅಮೆರಿಕದಲ್ಲೇ 2024ರಲ್ಲಿ, ಕಾಲಿಗೆ ತೊಡುವ ಸಾಧನ ಬಳಸುತ್ತಿದ್ದ ಒಬ್ಬರಿಗೆ ಒಂದು ಸಣ್ಣ ವೈರಿನ ತೊಂದರೆಯಾಯಿತು. ಸಾಧನಕ್ಕೆ ಐದು ವರ್ಷ ದಾಟಿದೆ ಅಂತ ಕಂಪನಿ ಕೈಚೆಲ್ಲಿತ್ತು. ಊರೆಲ್ಲ ಸುದ್ದಿಯಾದ ಮೇಲೆ ರಿಪೇರಿಯಾಯಿತು.

ಎಲ್ಲರ ಗೋಳೂ ಸುದ್ದಿಯಾಗುವುದಿಲ್ಲ. ನಮ್ಮ ಗ್ಲೌಸಿನ ಎಳೆ ತುಂಡಾದಾಗ ಬಿಡಿಭಾಗ ಬರುವುದಿಲ್ಲ, ಹೊಸ ಮಾಡೆಲ್ ತಗೊಳ್ಳಿ ಅಂತ ಉತ್ತರ ಬಂತು. ಈಗ ಅದು ಕಪಾಟಿನಲ್ಲಿದೆ. ಎಳೆ ತೆಳ್ಳನೆಯದು. ಯಾವ ಅಳತೆಯದು, ಯಾವುದರಿಂದ ಮಾಡಿದ್ದು ಅಂತ ತಿಳಿಸಿದ್ದರೆ ಯಾರಾದರೂ ಕೈಚಳಕದವರು ಹಾಕಿಕೊಡುತ್ತಿದ್ದರು. ಅದನ್ನೂ ತಿಳಿಸಲಿಲ್ಲ.

ಹೀಗಾಗಿ ನಿಮ್ಮಲ್ಲಿ ಕೆಲವು ಬೇಡಿಕೆಗಳು.

ಇನ್ನು ಮುಂದೆ ಯಾವುದೇ ಕೈ ಸಾಧನದ ಫಲಿತಾಂಶ ಪ್ರಕಟಿಸುವಾಗ ತೊಡುವುದನ್ನೂ ತೆಗೆಯುವುದನ್ನೂ ಅಳೆದು ಬರೆಯಿರಿ. ಬಳಸುವವರೇ ಒಂಟಿಯಾಗಿ ಹಾಕಿಕೊಂಡರಾ? ಎಷ್ಟು ಹೊತ್ತು ಹಿಡಿಯಿತು? ಆಗದಿದ್ದರೆ ಯಾರು ಹಾಕಿದರು, ಅವರಿಗೆ ಎಷ್ಟು ತರಬೇತಿ ಇತ್ತು? ಎಷ್ಟು ಮಂದಿ ಸ್ವತಃ ತೆಗೆದರು? ಸಾಧನ ಹಾಕಿದ್ದಾಗ ವೀಲ್‌ಚೇರ್ ತಳ್ಳಲು, ಭಾರ ಬದಲಿಸಲು ಆಗುತ್ತದೆಯಾ? ಅಂಕಿ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ, ಬರೆಯಿರಿ. ಸುಮ್ನೆ ಸ್ವಾವಲಂಬನೆ ಅನ್ನುವುದಕ್ಕಿಂತ ಅದು ನಮಗೆ ಉಪಯೋಗಕ್ಕೆ ಬರುತ್ತದೆ.

ತೆಗೆಯುವ ವ್ಯವಸ್ಥೆಯನ್ನಂತೂ ಮುಂದಿನ ಮಾಡೆಲ್‌ವರೆಗೆ ತಳ್ಳಬೇಡಿ. ಪಟ್ಟಿಯ ತುದಿಗೆ ಹೆಬ್ಬೆರಳೋ ಹಲ್ಲೋ ಸಿಕ್ಕಿಸುವಷ್ಟು ದೊಡ್ಡ ಉಂಗುರ ಹೊಲಿಯಿರಿ. ಒಂದೇ ಎಳೆತಕ್ಕೆ ಎಲ್ಲ ಪಟ್ಟಿ ಸಡಿಲವಾಗುವಂತೆ ಮಾಡಿ. ಬ್ಯಾಟರಿ ಸತ್ತರೆ ಮುಷ್ಟಿ ಬಿಗಿಯಾಗಿ ಉಳಿಯಬಾರದು, ಬಿಚ್ಚಿಕೊಳ್ಳಬೇಕು. ಗ್ಲೌಸನ್ನು ಮೇಲುಗಡೆಯಿಂದ ಪೂರ್ತಿ ತೆರೆಯುವಂತೆ ಮಾಡಿದರೆ ಬೆರಳು ತೂರುವ ಗೋಳೇ ಇರುವುದಿಲ್ಲ. ಚಾರ್ಜರ್ ಸಿಕ್ಕಿಸುವ ಬದಲು ಸಾಧನವನ್ನು ಒಂದು ತಟ್ಟೆಯ ಮೇಲಿಟ್ಟರೆ ಸಾಕು ಅನ್ನುವಂತಿರಲಿ. ಇವೆಲ್ಲ ದೊಡ್ಡ ವಿಜ್ಞಾನ ಅಲ್ಲ. ಎರಡೂ ಕೈ ಸೋತ ಒಬ್ಬರು ವಿನ್ಯಾಸದ ಮೇಜಿನ ಸುತ್ತ ಕೂತಿದ್ದರೆ ಮೊದಲ ದಿನವೇ ಹೇಳಿಬಿಡುತ್ತಿದ್ದರು. ಅಂಥವರನ್ನು ಕೂರಿಸಿಕೊಳ್ಳಿ, ಸಂಬಳ ಕೊಟ್ಟು ಕೂರಿಸಿಕೊಳ್ಳಿ. ಎಲ್ಲ ಮುಗಿದ ಮೇಲೆ ಅಭಿಪ್ರಾಯ ಕೇಳಲು ಕರೆಯುವುದು ಬೇರೆ, ಇದು ಬೇರೆ.

ಮಾರುವ ಮುಂಚೆ ಸ್ನಾಯು ಪರೀಕ್ಷೆ ಕಡ್ಡಾಯ ಮಾಡಿ. ಯಾವ ಮಟ್ಟದ ಗಾಯದವರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಅಂತ ಮಾಹಿತಿ ಪತ್ರದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ. ಡಿಸ್‌ರಿಫ್ಲೆಕ್ಸಿಯಾ ಎಚ್ಚರಿಕೆಯೂ ಅಲ್ಲೇ ಇರಲಿ. ಮಾರಾಟ ನಿಲ್ಲಿಸಿದರೆ ಬಿಡಿಭಾಗಗಳ ಅಳತೆ, ಸಾಫ್ಟ್‌ವೇರ್ ಎಲ್ಲವನ್ನೂ ಬಹಿರಂಗ ಮಾಡುತ್ತೇವೆ ಅಂತ ಮಾರುವಾಗಲೇ ಬರೆದುಕೊಡಿ. ಪ್ರಯೋಗಕ್ಕೆ ಬಂದವರಿಗೆ, ಉಪಯೋಗವಾದ ಸಾಧನ ಪ್ರಯೋಗ ಮುಗಿದ ಮೇಲೂ ಸಿಗುವಂತೆ ಏರ್ಪಾಡು ಇರಬೇಕು ಎಂದು, ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ನೀತಿ ಹಾಕಿಕೊಟ್ಟ ಹೆಲ್ಸಿಂಕಿ ಘೋಷಣೆ ಹೇಳುತ್ತದೆ. ಅದನ್ನು ನಾನು ನಿಮಗೆ ನೆನಪಿಸಬೇಕಾಗಿ ಬಂದದ್ದು ಸರಿಯಲ್ಲ.

ಒಪ್ಪಿಗೆ ಮತ್ತು ಹಣ ಕೊಡುವವರಲ್ಲಿ ಚಿಕ್ಕ ಮಾತು. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ ನಾಲ್ಕನೇ ವಿಧಿ, ಕೈಗೆಟುಕುವ ಬೆಲೆಯ ಸಹಾಯಕ ತಂತ್ರಜ್ಞಾನಕ್ಕೆ ಆದ್ಯತೆ ಕೊಡಿ ಎಂದು ಸರ್ಕಾರಗಳಿಗೆ ಹೇಳುತ್ತದೆ. ಇಂಥ ನಿರ್ಧಾರಗಳಲ್ಲಿ ಅಂಗವಿಕಲರನ್ನೇ ಸೇರಿಸಿಕೊಳ್ಳಿ ಎಂದೂ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಕೊಟ್ಟ ವರದಿ ಪ್ರಕಾರ ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಸಹಾಯಕ ಸಾಧನ ಬೇಕು. ಸುಮಾರು 100 ಕೋಟಿ ಜನರಿಗೆ ಅದು ಸಿಗುತ್ತಿಲ್ಲ. ಹೊಳೆಯುವ ಹೊಸ ಗ್ಲೌಸಿಗೆ ಹಣ ಕೊಡಿ, ಬೇಡ ಅನ್ನುವುದಿಲ್ಲ. ಕೀಲಿನ ಸ್ಪ್ಲಿಂಟಿಗೂ, ತೋಳಾಸರೆಗೂ, ಅವನ್ನು ಅಳತೆಗೆ ತಕ್ಕಂತೆ ಕೂರಿಸುವ ಥೆರಪಿಸ್ಟ್‌ನ ಸಮಯಕ್ಕೂ ಕೊಡಿ. ಅರ್ಜಿ ಪರಿಶೀಲಿಸುವಾಗ, ಇದನ್ನು ತೊಡಿಸುವವರು ಯಾರು ಅಂತ ಒಂದು ಪ್ರಶ್ನೆ ಸೇರಿಸಿ. ಉತ್ತರ ಖಾಲಿ ಇದ್ದರೆ ಅರ್ಜಿ ವಾಪಸ್ ಕಳಿಸಿ.

ತಮ್ಮ ಈ ಪತ್ರವನ್ನು ಓದಿದ. ಒಂದೆರಡು ಕಡೆ ಕೋಪ ಜಾಸ್ತಿಯಾಯಿತು ಅಂತ ತೆಗೆಸಿದ, ಒಂದು ಕಡೆ ಕಮ್ಮಿಯಾಯಿತು ಅಂತ ಸೇರಿಸಿದ. ನಿಮ್ಮಲ್ಲಿ ಯಾರಾದರೂ ಹೊಸ ಸಾಧನದ ಪರೀಕ್ಷೆಗೆ ಕರೆದರೆ ಅವನು ಬರಲು ಸಿದ್ಧ. ಅವನದು ಒಂದೇ ಷರತ್ತು. ಪರೀಕ್ಷೆಯ ಕೋಣೆಯೊಳಗೆ ನಾನು ಇರಬಾರದು, ನಿಮ್ಮ ಹುಡುಗರೂ ಅವನ ಕೈ ಮುಟ್ಟಬಾರದು. ಸಾಧನವನ್ನು ಮೇಜಿನ ಮೇಲಿಟ್ಟು ಗಡಿಯಾರ ಶುರುಮಾಡಿ.

ಇತಿ ತಮ್ಮ ವಿಶ್ವಾಸಿ,
ಸಿ6 ಗಾಯದ ಒಬ್ಬನ ಅಕ್ಕ